ಕಿತ್ತ ನೇಜಿ

"ಏ ತುಕ್ರು, ಕುರ್ಚಿ ಮುಟ್ಟಬೇಡ ಬೇವರ್ಸಿ! ಕೆಸರು ಹಿಡೀತದೆ. ಅದು ಮಣಿಪಾಲದವರಿಗೆ ಹಾಕಿದ್ದು, ನಿನ್ನ ಅಂಡು ಊರ್ಲಿಕ್ಕಲ್ಲ."

ದೇವದಾಸ ಧಣಿ ಕೊಡೆಯ ತುದಿಯಿಂದ ಗದ್ದೆಯ ಬದು ತೋರಿಸಿದ. ತುಕ್ರು ಕೂರಲು ಹೋದವಳೇ ಅಲ್ಲ. ಮಳೆಗೆ ಒದ್ದೆಯಾದ ಕುರ್ಚಿಗಳನ್ನೆಲ್ಲ ಒರೆಸಿಡು ಎಂದು ಬೆಳಿಗ್ಗೆ ಅಪ್ಪಣೆ ಕೊಟ್ಟವನು ಅವನೇ. ಮುಟ್ಟದೆ ಒರೆಸುವ ವಿದ್ಯೆ ಅವಳಿಗೆ ಯಾರೂ ಕಲಿಸಿರಲಿಲ್ಲ. ಅವಳು ಒದ್ದೆ ಬಟ್ಟೆ ಹಿಂಡಿ, ಬದುವಿನ ಮೇಲೆ ಸೊಸೆ ಚಂಪಾಳ ಪಕ್ಕ ಕುಕ್ಕರಗಾಲಲ್ಲಿ ಕೂತಳು.

"ಸುಮ್ನೆ ಕೂತ್ಕೊಳ್ಳಿ ಅತ್ತೆ," ಎಂದಳು ಚಂಪಾ. "ಕೊನೆಗೆ ನಿಮಗೆ ಶಾಲು ಹಾಕ್ತಾರಂತೆ."

ಎದುರಿಗೆ ಎರಡು ಅಡಕೆ ಮರದ ಕಂಬಗಳ ನಡುವೆ ಬ್ಯಾನರ್ ಕಟ್ಟಿದ್ದರು. ಏಳನೇ ಕ್ಲಾಸು ಓದಿದ ಚಂಪಾ ಅದನ್ನು ಕೂಡಿಸಿ ಕೂಡಿಸಿ ಓದಿದಳು: ಮಹಿಳಾ ಸಾಹಿತ್ಯ ಮತ್ತು ನಾಟಕ, ಸ್ತ್ರೀವಾದಿ ಹಾಗೂ ಪರಿಸರವಾದಿ ಚಿಂತನೆ. ಎರಡು ದಿನ ಮಣಿಪಾಲದ ಕಾಲೇಜಿನಲ್ಲಿ ಭಾಷಣ ಮುಗಿಸಿ, ಈ ಸಂಜೆ ನಾಟಕ ನೋಡಲು ಮೂರು ಬಸ್ಸಿನಲ್ಲಿ ಜನ ಬೆಳ್ಮಣ್ಣಿನ ಈ ಗದ್ದೆಗೆ ಬಂದಿದ್ದರು.

"ಅದರ ಅರ್ಥ ಎಂತ?"

"ಹೆಂಗಸರು, ಗಿಡ, ಮಣ್ಣು, ಎಲ್ಲ ಒಂದೇ ಅಂತ."

"ಹೌದು ಮತ್ತೆ, ಎಲ್ಲವನ್ನೂ ಮೆಟ್ಟುದೇ ಅಲ್ವಾ," ಎಂದಳು ತುಕ್ರು. ಅತ್ತೆ ಸೊಸೆ ಇಬ್ಬರೂ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕರು.

ಗದ್ದೆ ಧಣಿಯದು. ಬೇಸಾಯ ತುಕ್ರುವಿನದು. ಗಂಡ ಬದುಕಿದ್ದಾಗಿನಿಂದ ಬಾಯಿಮಾತಿನ ಮೇಲೆ ಅರ್ಧ ಬೆಳೆ ಧಣಿಗೆ ಅಳೆದು, ಅರ್ಧ ತಾನು ಉಂಡು ಬಂದವಳು. ಕಾಗದ ಪತ್ರ ಒಂದೂ ಇಲ್ಲ. ಗದ್ದೆಯ ಮೂಲೆಯಲ್ಲಿ ಅವಳು ಬಿತ್ತಿದ ನೇಜಿ, ಇಪ್ಪತ್ತು ದಿನದ ಎಳೆ ಭತ್ತದ ಸಸಿ, ಒತ್ತಾಗಿ ಎದ್ದು ನಿಂತಿತ್ತು. ಇನ್ನೆರಡು ದಿನಕ್ಕೆ ಹಿರಿಯಡ್ಕದ ಟಿಲ್ಲರ್ ಬರಬೇಕು, ಗದ್ದೆ ಉಳಬೇಕು, ಈ ಸಸಿ ಕಿತ್ತು ಇಡೀ ಗದ್ದೆಗೆ ನೆಡಬೇಕು. ಕಯಮೆ ಭತ್ತ. ಅಜೆಕಾರಿನಿಂದ ಮದುವೆಯಾಗಿ ಬರುವಾಗ ಅಮ್ಮ ಸೆರಗಿಗೆ ಕಟ್ಟಿ ಕೊಟ್ಟ ಬೀಜ. ವರ್ಷ ವರ್ಷ ಬಿತ್ತಿ, ಬೆಳೆದು, ಒಲೆಯ ಹೊಗೆ ತಾಗುವಂತೆ ಅಟ್ಟಕ್ಕೆ ಕಟ್ಟಿ ಉಳಿಸಿಕೊಂಡದ್ದು. ಲಾಕ್‌ಡೌನಿನಲ್ಲಿ ಮೂರು ದಿನ ಹಲಸಿನ ಬೀಜ ಬೇಯಿಸಿ ತಿಂದರೂ ಹುಲ್ಲಿನಲ್ಲಿ ಕಟ್ಟಿಟ್ಟ ಬಿತ್ತನೆಯ ಮುಡಿ ಬಿಚ್ಚಿರಲಿಲ್ಲ. ಕಳೆದ ವರ್ಷ ನೆರೆ ಬಂದು ಬೆಳೆ ಕೊಳೆತು, ಒಂದು ಗೆರಸೆಯಷ್ಟು ಬೀಜ ಮಾತ್ರ ಉಳಿದಿತ್ತು. ಅದನ್ನು ಪೂರ್ತಿ ಬಿತ್ತಿದ್ದಳು. ಮನೆಯಲ್ಲಿ ಈಗ ಆ ಬೀಜದ ಒಂದು ಕಾಳೂ ಇಲ್ಲ.

ಹತ್ತು ದಿನದ ಹಿಂದೆ ಸ್ವರ್ಣಲತಾ ಟೀಚರ್ ಎಂಟು ಹುಡುಗಿಯರನ್ನು ಕಟ್ಟಿಕೊಂಡು ತುಕ್ರುವಿನ ಗುಡಿಸಲಿಗೆ ಬಂದಿದ್ದರು. ಕಾಲೇಜಿನಲ್ಲಿ ಪಾಠ ಹೇಳುವವರು, ನಾಟಕ ಬರೆದವರೂ ಅವರೇ. ಅಂಗಳದಲ್ಲಿ ಕೂತು ಗಂಜಿ ಉಂಡರು, ಉಪ್ಪಿನಕಾಯಿ ನೆಕ್ಕಿದರು, ಅಮ್ಮಾ ಎಂದು ಕರೆದರು. ಮೇಲಿನ ಮನೆಗಳವರು ಒಂದು ಲೋಟ ನೀರು ಕುಡಿಯದ ಅಂಗಳ ಅದು. ತುಕ್ರು ಕರಗಿಹೋದಳು. ನಾಟಕದಲ್ಲಿ ಸಸಿ ಕೀಳುವ ಸೀನುಂಟು, ಕಲಿಸಿ ಎಂದದ್ದೇ ತಡ, ಎಂಟೂ ಜನರನ್ನು ಕೆಸರಿಗೆ ಇಳಿಸಿದಳು.

"ಜಗ್ಗಬೇಡಿ ಮಕ್ಕಳೇ. ಬೆರಳು ಬುಡಕ್ಕೆ ಹೋಗ್ಬೇಕು. ಮೊಲೆ ಕುಡಿತಾ ನಿದ್ದೆ ಹೋದ ಮಗುವನ್ನು ಹೇಗೆ ಬಿಡಿಸ್ತೀರಿ? ಹಾಗೆ."

ಕಾಪುವಿನ ಮೀನುಗಾರರ ಮನೆಯ ಹುಡುಗಿ ಕಾವ್ಯ ಎಲ್ಲರಿಗಿಂತ ಬೇಗ ಕಲಿತಳು. ಬಲೆಯಿಂದ ಮೀನು ಬಿಡಿಸಿದ ಕೈ, ಹೇಳಿಕೊಡಬೇಕೇ? ಅಂದು ಕಿತ್ತು ಕಟ್ಟಿದ ಒಂದು ಸೂಡಿ ಸಸಿಯನ್ನು ತುಕ್ರು ಸಂಜೆಯೇ ಮತ್ತೆ ಊರಿದ್ದಳು. ನಾಟಕದಲ್ಲೂ ಒಂದು ಸೂಡಿ ಕೀಳುತ್ತಾರೆ, ಅಷ್ಟೇ ಎಂದುಕೊಂಡಿದ್ದಳು.

ನಾಟಕ ಶುರುವಾಯಿತು. ಹಸಿರು ಸೀರೆಯ ಹುಡುಗಿಯರು ಗದ್ದೆಗಿಳಿದು ತಾವೇ ಭೂಮಿ ಎಂದರು. ಮೀಸೆ ಬರೆದುಕೊಂಡ ಒಬ್ಬಳು ಧಣಿಯಾಗಿ ಬಂದು, "ಈ ನೆಲ ನನ್ನದು," ಎಂದು ತೊಡೆ ತಟ್ಟಿದಳು. ಎದುರು ಸಾಲಿನಲ್ಲಿ ಕೂತ ದೇವದಾಸನೇ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆದ. ತುಕ್ರು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

ಆಗ ಮೈಕಿನಲ್ಲಿ ಸ್ವರ್ಣಲತಾ ಟೀಚರ ದನಿ ಕೇಳಿತು. "ಬನ್ನಿ ಹೆಣ್ಣುಮಕ್ಕಳೇ, ನಮ್ಮ ಹಸಿರನ್ನು ನಾವೇ ಎತ್ತಿಕೊಳ್ಳೋಣ. ಇಲ್ಲಿ ಕೂತ ಒಬ್ಬೊಬ್ಬರ ಮಡಿಲಿಗೂ ಒಂದೊಂದು ಹಿಡಿ!"

ಡೋಲು ಬಡಿಯಿತು. ಎಂಟು ಹುಡುಗಿಯರು ನೇಜಿಗೆ ಬಾಗಿದರು. ಒಂದು ಸೂಡಿ ಎದ್ದಿತು, ಎರಡು, ಮೂರು. ಐದನೆಯದಕ್ಕೆ ತುಕ್ರು ಎದ್ದು ನಿಂತಳು.

"ಸಾಕು ಮಕ್ಕಳೇ! ಅಯ್ಯೋ ಸಾಕು!"

ಡೋಲಿನ ಎದುರು ಅವಳ ದನಿ ಎಲ್ಲಿಯ ಲೆಕ್ಕ? ಕೆಸರಲ್ಲಿ ಎದ್ದು ಬಿದ್ದು ಓಡಿದಳು. ಯಾರೋ ಸಿಳ್ಳೆ ಹಾಕಿದರು, ಇದೂ ನಾಟಕದ್ದೇ ಎಂದುಕೊಂಡಿರಬೇಕು. ಹುಡುಗಿಯರು ಎಷ್ಟು ಚೆನ್ನಾಗಿ ಕೀಳುತ್ತಿದ್ದರು! ಒಂದು ಬೇರೂ ಕಡಿಯುತ್ತಿರಲಿಲ್ಲ. ಕಿತ್ತವರು ಯಾರೋ ಕಳ್ಳರಾಗಿದ್ದರೆ ಬೈದು ಬೊಬ್ಬೆ ಹೊಡೆಯಬಹುದಿತ್ತು. ಇವು ಅವಳೇ ಕಲಿಸಿದ ಕೈಗಳು.

ಅವಳು ತಲುಪುವಾಗ ಮೂಲೆಯಲ್ಲಿ ಬರೀ ಕೆಸರು ನೀರಿತ್ತು. ಸಸಿಗಳು ಪ್ರೇಕ್ಷಕರ ಮಡಿಲಲ್ಲಿದ್ದವು, ಮೊಬೈಲಿನ ಎದುರು ಫೋಟೋಕ್ಕೆ ನಿಂತಿದ್ದವು. ಟೀಚರ್ ಓಡಿಬಂದು ಅವಳ ಒದ್ದೆ ಹೆಗಲಿಗೆ ಶಾಲು ಹೊದೆಸಿ ತಬ್ಬಿಕೊಂಡರು.

"ಎಷ್ಟು ಚಂದ ಆಯ್ತು ಅಮ್ಮ! ನಿಮ್ಮಿಂದಲೇ ಆದದ್ದು."

"ಟೀಚರ್, ನನ್ನ ನೇಜಿ," ಎಂದಳು ತುಕ್ರು. "ಅದು ಆಟಕ್ಕಲ್ಲ. ಇಡೀ ಗದ್ದೆಗೆ ನೆಡ್ಲಿಕ್ಕೆ ಇದ್ದದ್ದು. ಬೇರೆ ಬೀಜ ಇಲ್ಲ ನನ್ನ ಹತ್ರ."

ಟೀಚರ್ ತಬ್ಬಿದ ಕೈ ಬಿಟ್ಟರು. "ಪೂರ್ತಿ ಕೀಳ್ಬಹುದು, ನಿಮ್ಮ ಹತ್ರ ಕೇಳಿ ಆಗಿದೆ ಅಂತ ದೇವದಾಸರು ಹೇಳಿದ್ರಲ್ಲ..."

"ನೀವು ಕೇಳ್ಬಹುದಿತ್ತಲ್ಲ? ಗಂಜಿ ಉಣ್ಣುವಾಗ ಎಷ್ಟೆಲ್ಲ ಕೇಳಿದ್ರಿ."

"ತಪ್ಪಾಯ್ತು ಅಮ್ಮ. ಇಲಾಖೆಯಿಂದ ಬೇರೆ ಬೀಜ ತರಿಸಿಕೊಡುವಾ."

"ಅದು ನನ್ನ ಅಮ್ಮನದ್ದಲ್ಲ ಟೀಚರ್."

ದೇವದಾಸ ಹಿಂದೆಯೇ ನಿಂತಿದ್ದ. ಎರಡು ಅಂಗೈಗಳನ್ನೂ ಬಿಡಿಸಿ ತೋರಿಸಿದ.

"ನೋಡು, ನನ್ನ ಕೈಯಲ್ಲಿ ಒಂದು ಎಲೆ ಉಂಟಾ? ಹಸಿರಿದ್ದ ಜಾಗಕ್ಕೆ ಮಣ್ಣು ಹಾಕಿದ್ರೆ ದೈವ ಕೇಳ್ತದೆ ಅಂತ ಊರಿಡೀ ಸಾರಿದ್ಯಲ್ಲ ರಂಡೆ, ಈಗ ಹಸಿರು ಎಲ್ಲುಂಟು? ನಾಳೆ ಬೆಳಿಗ್ಗೆ ಟಿಪ್ಪರ್ ಬರ್ತದೆ. ಇಲ್ಲಿ ರೆಸಾರ್ಟು. ಬೇಕಾದ್ರೆ ಕಕ್ಕಸು ತೊಳೀಲಿಕ್ಕೆ ಬಾ."

ದೇವದಾಸ ಪೊಲೀಸರಿಗೆ ಹೆದರುವವನಲ್ಲ, ಕಾರ್ಕಳದ ಕೋರ್ಟಿಗೂ ಹೆದರುವವನಲ್ಲ. ನಿಂತ ಪೈರಿಗೆ ಕೈಯೋ ಚಕ್ರವೋ ತಾಗಿಸಿದರೆ ಮನೆತನ ಉಳಿಯದು ಎಂಬ ಊರಿನ ಮಾತಿಗೆ ಮಾತ್ರ ಹೆದರುತ್ತಿದ್ದ. ರೆಸಾರ್ಟಿನ ಮಾತು ಎದ್ದ ಎರಡು ವರ್ಷದಿಂದ, ಭತ್ತ ಕೊಯ್ದಲ್ಲಿ ಉದ್ದು, ಉದ್ದು ಕಿತ್ತಲ್ಲಿ ನೇಜಿ ಎಂದು ಹಸಿರು ತಪ್ಪದಂತೆ ನೋಡಿಕೊಂಡ ಅವಳನ್ನು ಆ ಗದ್ದೆಯಲ್ಲಿ ಉಳಿಸಿದ್ದು ಅದೊಂದೇ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎನ್ನುತ್ತಾರೆ. ಇಲ್ಲಿ ಚೆಲ್ಲಾಟ ಆಡಿದವರಿಗೆ ತಾವು ಬೆಕ್ಕು ಎಂಬುದೇ ಗೊತ್ತಿರಲಿಲ್ಲ.

ತುಕ್ರು ಶಾಪ ಹಾಕಲಿಲ್ಲ. ಹೆಗಲಿನ ಶಾಲು ತೆಗೆದು ಜೋಳಿಗೆ ಮಾಡಿ ಕುರ್ಚಿಗಳ ಸಾಲಿಗೆ ಹೋದಳು. "ನನ್ನ ನೇಜಿ ಕೊಡಿ," ಎಂದು ಒಬ್ಬೊಬ್ಬರ ಮುಂದೆ ನಿಂತಳು. ಕೆಲವರು ಗಾಬರಿಯಾಗಿ ಕೊಟ್ಟರು. ಒಬ್ಬಳು ಎದೆಗೊತ್ತಿಕೊಂಡು, "ನಾನು ಹೂವಿನ ಪಾಟಿಗೆ ಹಾಕಿ ಚೆನ್ನಾಗಿ ನೋಡ್ಕೊಳ್ತೇನೆ ಅಜ್ಜಿ," ಎಂದಳು. ಉಳಿದದ್ದನ್ನು ಚಂಪಾ ಕುರ್ಚಿಗಳ ಅಡಿಯಿಂದ, ಚಪ್ಪಲಿಗಳ ನಡುವಿನಿಂದ ಹೆಕ್ಕಿದಳು. ಹೆಚ್ಚಿನವು ಜಜ್ಜಿ ಹೋಗಿದ್ದವು. ಶಾಲಿನಲ್ಲಿ ಕಾಲು ಪಾಲೂ ಕೂಡಲಿಲ್ಲ.

ಗದ್ದೆ ಇನ್ನೂ ಉತ್ತಿರಲಿಲ್ಲ. ಉಳದ ನೆಲದಲ್ಲಿ ಸಸಿ ನಿಲ್ಲದು. ನೇಜಿಯ ಮೂಲೆಯಲ್ಲೇ ಮತ್ತೆ ಊರಿದರೆ ಟಿಪ್ಪರ್ ಒಳಗೆ ಬರುವುದು ನಿಲ್ಲದು. ಸುತ್ತ ನೋಡಿದಳು. ಡಾಂಬರು ರಸ್ತೆಯಿಂದ ಗದ್ದೆಗೆ ಇಳಿಯುವ ಒಂದೇ ಒಂದು ದಾರಿಯನ್ನು ಮೂರು ಬಸ್ಸುಗಳು ಬಂದು ಕಲಸಿ, ಉತ್ತು ಹದ ಮಾಡಿದ ಹಾಗೆ ಮಾಡಿದ್ದವು. ಪಾದ ಮುಳುಗುವಷ್ಟು ಕೆಸರು, ಮೇಲೆ ಮಳೆನೀರು. ತುಕ್ರು ಸೀರೆ ಎತ್ತಿ ಕಟ್ಟಿ ಅಲ್ಲಿಗೆ ಇಳಿದಳು. ಮೂರು ಮೂರು ಸಸಿ ಸೇರಿಸಿ ನೆಡುವುದು ವಾಡಿಕೆ. ಅವಳು ಒಂದೊಂದನ್ನೇ ಊರುತ್ತಾ, ನಾಟಿಯವರ ಕ್ರಮದಂತೆ ಹಿಂದೆ ಹಿಂದೆ ಸರಿದಳು.

ದೇವದಾಸನ ಕಾರು ಬಂದು ನಿಂತಿತು, ಹಿಂದೆ ಮೂರು ಬಸ್ಸು. ತುಕ್ರುವಿನ ಬಾಗಿದ ಬೆನ್ನು ಕಾರಿನ ಮೂತಿಗೆ ಎದುರಾಗಿತ್ತು. ಹಾರ್ನ್ ಹೊಡೆದ. ಅವಳು ಇನ್ನೊಂದು ಹೆಜ್ಜೆ ಹಿಂದೆ ಬಂದು ಇನ್ನೊಂದು ಊರಿದಳು.

"ಏಳೇ ಸೂಳೆ! ತುಳಿದು ಹೋಗ್ತೇನೆ!"

"ಹೋಗಿ ಧಣಿ," ಎಂದಳು, ತಲೆ ಎತ್ತದೆ. "ಹಸಿರುಂಟು, ನೋಡಿಕೊಂಡು ಹೋಗಿ."

ಅವನು ಕಾರಿನಿಂದಿಳಿದು ಸಸಿಯ ಮೇಲೆ ಕಾಲೆತ್ತಿದ. ಎತ್ತಿದ ಕಾಲು ಹಾಗೆಯೇ ಹಿಂದೆ ಹೋಯಿತು. ಬಸ್ಸಿನ ಕಡೆ ತಿರುಗಿ ಕೂಗಿದ, "ಏ ಟೀಚರ್, ನಿಮ್ಮ ಮಕ್ಕಳಿಗೆ ಹೇಳಿ, ಇದನ್ನೂ ಕೀಳ್ಲಿಕ್ಕೆ!"

ಸ್ವರ್ಣಲತಾ ಟೀಚರ್ ಇಳಿದು ಬಂದರು. ಸಾಲು ನೋಡಿದರು, ತುಕ್ರುವನ್ನು ನೋಡಿದರು, ಕೊನೆಗೆ ವಾಚು ನೋಡಿದರು. ಉಡುಪಿಯಲ್ಲಿ ಅತಿಥಿಗಳಿಗೆ ಏಳು ಗಂಟೆಯ ರೈಲಿತ್ತು.

"ಕಾವ್ಯಾ," ಎಂದರು ಮೆಲ್ಲಗೆ, "ಒಂದು ಬಸ್ಸು ಹೋಗುವಷ್ಟು ಅಗಲ ಮಾತ್ರ... ಬೇರು ಕಡಿಯದ ಹಾಗೆ ತೆಗೆದು ಬದಿಗಿಡು. ಅಮ್ಮನಿಗೆ ನೋವಾಗಬಾರದು."

ಕಾವ್ಯ ಅಳುತ್ತಲೇ ಕೆಸರಿಗಿಳಿದಳು. ಬೆರಳನ್ನು ಬುಡಕ್ಕೆ ಇಳಿಸಿ ಸಸಿಯನ್ನು ಬಿಡಿಸಿಕೊಂಡಳು. ತುಕ್ರು ಅವಳ ಕೈಯಿಂದ ಅದನ್ನು ತೆಗೆದುಕೊಂಡು ಅಲ್ಲೇ ಪಕ್ಕದಲ್ಲಿ ಊರಿದಳು. ದೇವದಾಸ ಮತ್ತೆ ಕಾರು ಹತ್ತಿದ್ದ; ಹಿಂದೆ ನಾಲ್ಕು ಹಾರ್ನ್ ಒಟ್ಟಿಗೆ ಕೂಗುತ್ತಿದ್ದವು. ಕಾವ್ಯ ಇನ್ನೊಂದು ಕಿತ್ತಳು. ತುಕ್ರು ಅದಕ್ಕೂ ಕೈ ಚಾಚಿದಳು.