ಏಳು ಪಿನ್ನು, ಆರು ನಿಂಬೆಹಣ್ಣು

೧

"ಒಂಬತ್ತನೇ ಕ್ಲಾಸ್‌ಗೇ ಸ್ಕೂಲ್ ಬಿಟ್ಟೋನ ಕೈಗೆ ಇಡೀ ಫ್ಯಾಮಿಲಿ ಪ್ರಾಣ ಕೊಟ್ಟಿದೀನಲ್ಲ, ನಂಗೆ ಬುದ್ಧಿ ಇಲ್ಲ" ಎಂದರು ಉದಯಶಂಕರ್. ಪರ್ತ್‌ನ ಹ್ಯಾರಿಸ್‌ಡೇಲ್‌ನ ತಮ್ಮ ಮನೆಯ ಡ್ರೈವ್‌ವೇಯಲ್ಲಿ, ಶನಿವಾರ ಬೆಳಿಗ್ಗೆ ಹತ್ತು ಗಂಟೆಗೆ, ಪೂಜೆಗೆ ಬಂದ ಹನ್ನೆರಡು ಜನರ ಮುಂದೆ.

ಕಥೆಯನ್ನು ಹೀಗೆ ಶುರು ಮಾಡಬಹುದೇ? ಬೈಗುಳದಿಂದ ಶುರುವಾದರೆ ಓದುಗರು ಮೊದಲ ಸಾಲಿಗೇ ಬೈಸಿಕೊಂಡವನ ಪಕ್ಷ ಸೇರುತ್ತಾರೆ, ಅದು ಮೋಸ ಎನ್ನುತ್ತಾಳೆ ಮಾಲವಿಕಾ. ಅವಳು ಬ್ರಿಸ್ಬೇನಿನ ಫೋರ್ಟಿಟ್ಯೂಡ್ ವ್ಯಾಲಿಯಲ್ಲಿ ಕೂತು, ಈ ದೇಶದ ಕನ್ನಡಿಗರಿಗೆಂದು ವರ್ಷಕ್ಕೊಂದು ಸಾಹಿತ್ಯ ಸಂಚಿಕೆ ತರುತ್ತಾಳೆ. ನನ್ನ ಕರಡುಗಳನ್ನು ರೈಲಿನಲ್ಲಿ ಓದಿ ವಾಯ್ಸ್ ಮೆಸೇಜ್ ಕಳಿಸುತ್ತಾಳೆ. ಹಿಂದೆ ಸ್ಟೇಷನ್ನುಗಳ ಹೆಸರು ಕೇಳಿಸುತ್ತಿರುತ್ತದೆ.

ಇದು ಐದನೇ ಕರಡು. ನನಗೆ ಸಾಕಾಗಿದೆ. ನಿಮ್ಮ ಪಕ್ಷ ನೀವೇ ನೋಡಿಕೊಳ್ಳಿ.

೨ (ಹೊಡೆದುಹಾಕಿದ ಮೊದಲ ಕರಡಿನಿಂದ)

"ಪರ್ತ್ ನಗರದ ಮೇಲೆ ಸೂರ್ಯ ಇಳಿಯುತ್ತಿದ್ದ. ಅರ್ಜುನನೆಂಬ ಯುವಕ ತನ್ನ ಕನಸುಗಳನ್ನು ಹೆಗಲ ಮೇಲೆ ಹೊತ್ತು..."

ಯಾವ ಅರ್ಜುನ? ಯಾವ ಕನಸು? ಹೆಗಲ ಮೇಲಿದ್ದದ್ದು ಹದಿನೈದು ಮೀಟರ್ ಕೇಬಲ್. ನನ್ನ ಹೆಸರು ಕಿರಣ. ಹಾಸನದ ಬಸ್‌ಸ್ಟ್ಯಾಂಡಿನ ಹಿಂದೆ ಒಂದು ಆಟೋ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಕೆಲಸ ಕಲಿತೆ. ಹೆಂಡತಿ ಕವನಾ ಇಲ್ಲಿ ನರ್ಸಿಂಗ್ ಓದುತ್ತಾಳೆ, ಅವಳ ವೀಸಾದ ಬಾಲ ಹಿಡಿದು ಬಂದವನು ನಾನು. (ಟ್ರೇಲರ್ ಅನ್ನಬಹುದಿತ್ತು. ಬೇಡ, ಮಾಲವಿಕಾ ನಗುತ್ತಾಳೆ.)

೩ ವಿಷಯಕ್ಕೆ ಬರೋಣ.

ಉದಯಶಂಕರ್ ಎಂಜಿನಿಯರ್. ಅಡಿಲೇಡಿನಲ್ಲಿ ಹೊಸ ಕೆಲಸ ಸಿಕ್ಕಿತು. ವಿಮಾನದಲ್ಲಿ ಹೋಗಬಹುದಿತ್ತು. ಆದರೆ ಯಾರೋ ವಿಡಿಯೋ ತೋರಿಸಿದರು, ಮರವಿಲ್ಲದ ಬಯಲಿನ ನಡುವೆ ನೇರ ರಸ್ತೆ, ಕಾರು, ಹಿಂದೆ ಎಳೆದುಕೊಂಡು ಹೋಗುವ ಚಕ್ರದ ಮನೆ ಕ್ಯಾರವಾನು, ಟೀ. ಅವರ ಬಳಿ ಇದ್ದದ್ದು ಸಣ್ಣ ಕಾರು. ಕೊಂಡದ್ದು ನನಗಿಂತ ಹತ್ತು ವರ್ಷ ಹಿರಿಯದಾದ ಪುಟ್ಟ ಕ್ಯಾರವಾನು. ಎರಡನ್ನೂ ಸೇರಿಸಲು ಕರೆದದ್ದು ನನ್ನನ್ನು.

ಓದುಗರೇ, ಸಂಬಂಧ ಕೂಡಿಸುವುದು ಇದಕ್ಕಿಂತ ಸುಲಭ. ಹಳೇ ಕ್ಯಾರವಾನಿಗೆ ಬೇಕಾದದ್ದು ತಾಮ್ರ, ಕರೆಂಟು, ಅಷ್ಟೇ. ಹೊಸ ಕಾರು ಹಾಗಲ್ಲ. ಹಿಂದಿನ ಬಲ್ಬಿನಿಂದ ಒಂದು ವೈರ್ ಕದ್ದರೆ ಕಂಪ್ಯೂಟರಿಗೆ ಗೊತ್ತಾಗಿ ಇಡೀ ಕಾರು ಮುನಿಸಿಕೊಳ್ಳುತ್ತದೆ. ಅದನ್ನು ಸಮಾಧಾನ ಮಾಡಲು ನಡುವೆ ಒಂದು ಮಾಡ್ಯೂಲ್ ಕೂರಿಸಬೇಕು. ಕ್ಯಾರವಾನಿನ ಫ್ರಿಜ್ಜಿಗೆ ಬ್ಯಾಟರಿಯಿಂದಲೇ ಬೆರಳು ದಪ್ಪದ ಕೇಬಲ್, ಬುಡದಲ್ಲಿ ಫ್ಯೂಸು. ಅಷ್ಟು ಮಾಡಿದರೂ ಕಾರು ತನ್ನ ಬ್ಯಾಟರಿಯ ಹೊಟ್ಟೆ ತುಂಬಿದ ಮೇಲೆ ಕರೆಂಟು ಮಾಡುವುದನ್ನೇ ನಿಲ್ಲಿಸಿ ಮಲಗುತ್ತದೆ, ಅದಕ್ಕಾಗಿ ಕ್ಯಾರವಾನಿನಲ್ಲಿ ಬೇರೆ ಚಾರ್ಜರ್. ಚಕ್ರದ ಬ್ರೇಕಿಗೆ ಬೇರೆ ಲೈನ್. ಕಡೆಗೆ ಎರಡು ಗಾಡಿಗಳ ನಡುವೆ ಏಳು ಪಿನ್ನಿನ ಒಂದು ಪ್ಲಗ್.

ಮೂರು ದಿನದ ಕೆಲಸ. ಸದರ್ನ್ ರಿವರ್‌ನಲ್ಲಿ ಗ್ಯಾರೇಜ್ ಇಟ್ಟಿರುವ ರಾಜಗೋಪಾಲ ಹೇಳಿದ್ದರು: ಶನಿವಾರ ಪೂಜೆಗೆ ಬರ್ತೀನಿ, ನಿನ್ನ ಕೆಲಸ ನೋಡ್ತೀನಿ, ಸರಿಯಿದ್ರೆ ಸೋಮವಾರದಿಂದ ಅಪ್ರೆಂಟಿಸ್ ಆಗಿ ಬಾ. ಎರಡು ವರ್ಷ ಗೋದಾಮಿನಲ್ಲಿ ಡಬ್ಬ ಎತ್ತಿದವನಿಗೆ ಅದು ಎಂಥ ಮಾತು ಎಂದು ವಿವರಿಸುವ ತ್ರಾಣ ನನಗಿಲ್ಲ. ಈ ಕಥೆಯಲ್ಲಿ ಪಣಕ್ಕಿರುವುದು ಅದೊಂದೇ. ಬೇರೆ ಅರ್ಥ ಹುಡುಕಬೇಡಿ.

೪

ಮೂರೂ ದಿನ ನನಗೆ ಟಾರ್ಚ್ ಹಿಡಿದವರು ಈಶ್ವರಪ್ಪ. ಉದಯಶಂಕರ್ ಅವರ ಮಾವ, ಸುಭದ್ರಾ ಆಂಟಿಯ ಅಪ್ಪ. ನಂಜನಗೂಡಿನ ಕಡೆ ಮೂವತ್ತನಾಲ್ಕು ವರ್ಷ ಲೈನ್‌ಮನ್. ಮಗಳ ಮನೆಗೆ ಆರು ತಿಂಗಳಿಗೆ ಬಂದು, ಎರಡನೇ ತಿಂಗಳಿಗೇ ಗೋಡೆ ನೋಡುತ್ತ ಕೂತಿದ್ದರು. ವೈರು ಕಂಡದ್ದೇ ಎದ್ದು ಬಂದರು. ಆ ಮನೆಯಲ್ಲಿ ನನ್ನನ್ನು "ನೀವು" ಎಂದದ್ದು ಅವರೊಬ್ಬರೇ, ಅದೂ ಮೊದಲ ಅರ್ಧ ಗಂಟೆ. ಆಮೇಲೆ ನಾನು ಅಪ್ಪಯ್ಯ ಆದೆ.

ಇನ್ಸುಲೇಷನ್ ಟೇಪ್ ಸುತ್ತಿದ ಮೇಲೆ ತುದಿಯನ್ನು ಹಿಂದಕ್ಕೆ ಒಂದು ಚೂರು ಮಡಚಿಡುತ್ತಿದ್ದರು. ಯಾಕೆಂದು ಕೇಳಿದೆ.

"ನಾಳೆ ಬಿಚ್ಚೋನ ಉಗುರಿಗೆ ಸಿಗಬೇಕಲ್ಲಪ್ಪಯ್ಯ."

ಶುಕ್ರವಾರ ಮಧ್ಯಾಹ್ನ ಕೆಲಸ ಮುಗಿಯಿತು. ಕ್ಯಾರವಾನಿನ ಹಿಂದೆ ನಿಂತು ಅವರು ಕೂಗಿದರು: ಎಡ ಸರಿ, ಬಲ ಸರಿ, ಬ್ರೇಕು ಸರಿ. ಎಲ್ಲ ಉರಿಯಿತು. ಆದರೂ ಅವರಿಗೆ ಸಮಾಧಾನವಿಲ್ಲ. "ಉರಿಯೋದು ಬೇರೆ. ಅರ್ತ್ ಇಲ್ದೇನೂ ಉರಿಯುತ್ತೆ, ಒಂದಿನ ಸಾಯಿಸುತ್ತೆ. ಅರ್ತ್ ನೋಡ್ಕೊಂಡ್ಯಾ?"

ನಾನು ಅಷ್ಟರಲ್ಲಿ ಸೀಟಿನಿಂದಿಳಿದು ಕಾರಿನ ಅಡಿಯಲ್ಲಿ ಬೆನ್ನು ಹಿಡಿದುಕೊಂಡು ಮಲಗಿದ್ದೆ. "ನೋಡ್ಕೊಂಡೆ ಅಂಕಲ್" ಎಂದೆ.

ಐದು ಕರಡಿನಲ್ಲೂ ನಾನು ಅಳಿಸಲಾಗದ ಸಾಲು ಅದು. ಇನ್ನೊಂದು ಮಾತು ಸೇರಿಸಿದ್ದರೆ ಸಾಕಿತ್ತು: ಇಲ್ಲಿ ಟ್ರೇಲರಿನಲ್ಲಿ ಅರ್ತ್ ಬಿಳಿ ವೈರು, ಹಸಿರು ಅಂದರೆ ಬಲಗಡೆ ಇಂಡಿಕೇಟರು. ನಮ್ಮೂರಲ್ಲಿ ಹಸಿರು ಅಂದರೆ ಅರ್ತ್. ಮೂವತ್ತನಾಲ್ಕು ವರ್ಷ ಹಸಿರನ್ನೇ ಅರ್ತ್‌ಗೆ ಕೊಟ್ಟ ಕೈ ಅದು.

೫

ಪೂಜೆ. ಕಾರಿಗೆ ನಾಲ್ಕು ನಿಂಬೆಹಣ್ಣು, ಕ್ಯಾರವಾನಿಗೆ ಎರಡು. ಮುಂದೆ ಕ್ಯಾರವಾನನ್ನು ಎತ್ತಿ ನಿಲ್ಲಿಸುವ ಪುಟ್ಟ ಚಕ್ರ ಒಂದಿದೆಯಲ್ಲ, ಅದಕ್ಕೂ ಬೇಕೇ ಎಂದು ಚರ್ಚೆಯಾಯಿತು. ರಸ್ತೆಗಿಳಿದ ಮೇಲೆ ಅದು ಮೇಲೆ ಇರುತ್ತದೆ, ಚಕ್ರ ಅಂತ ಲೆಕ್ಕವಿಲ್ಲ ಎಂದು ತೀರ್ಮಾನ. ಏಳನೇ ಹಣ್ಣು ಈಶ್ವರಪ್ಪನವರ ಕೈಯಲ್ಲೇ ಉಳಿಯಿತು. ಸುಭದ್ರಾ ಆಂಟಿ ಆರತಿ ಎತ್ತಿದರು. ಉದಯಶಂಕರ್ ಸ್ಟಾರ್ಟ್ ಮಾಡಿ ಬ್ರೇಕ್ ಒತ್ತಿದರು. ಹಿಂದಿನ ದೀಪಗಳು ಸಾಯುವ ಮಿಣುಕುಹುಳದಂತೆ ಒಮ್ಮೆ ಮಿಣುಕಿದವು. ಬಲಕ್ಕೆ ಇಂಡಿಕೇಟರ್ ಹಾಕಿದರು. ಕಾರಿನ ಪರದೆ ಮೇಲೆ ಟ್ರೇಲರ್ ಫಾಲ್ಟ್ ಎಂದು ಬಂತು, ಎಲ್ಲವೂ ಆರಿಹೋಯಿತು. ಹೀಗೇ ಹೊರಟಿದ್ದರೆ ಕ್ಯಾರವಾನಿನ ಬ್ರೇಕೂ ಹಿಡಿಯುತ್ತಿರಲಿಲ್ಲ.

ಆಮೇಲೆ ಬಂದದ್ದೇ ಮೊದಲ ಸಾಲು. ಮೇಲೆ ಹೋಗಿ ಮತ್ತೊಮ್ಮೆ ಓದಿ, ನಾನು ಎರಡು ಸಲ ಬರೆಯುವುದಿಲ್ಲ.

ಯಾರೂ ನಗಲಿಲ್ಲ. ನಕ್ಕಿದ್ದರೆ ವಾಸಿಯಿತ್ತು. ರಾಜಗೋಪಾಲ ಮಾತ್ರ ಪೇಪರ್ ತಟ್ಟೆಯಲ್ಲಿದ್ದ ಉಪ್ಪಿಟ್ಟನ್ನು ಚಮಚದಲ್ಲಿ ಸುಮ್ಮನೆ ಸರಿಸುತ್ತ ನಿಂತರು.

ನಾನು ಕೂತು ಪ್ಲಗ್ ಕೈಗೆ ತೆಗೆದುಕೊಂಡೆ. ಕೇಬಲ್ಲಿನ ಕುತ್ತಿಗೆಗೆ ಹೊಸ ಟೇಪ್. ನಾನು ಸುತ್ತಿದ್ದಲ್ಲ. ತುದಿ ಹಿಂದಕ್ಕೆ ಮಡಚಿತ್ತು. ನನ್ನ ಉಗುರಿಗೆ ಸಿಕ್ಕಿತು.

ಒಳಗೆ ಹಸಿರು ವೈರು ಅರ್ತಿನ ಪಿನ್ನಿನಲ್ಲಿ, ಬಿಳಿ ಅದರ ಪಕ್ಕ, ಬಲ ಇಂಡಿಕೇಟರಿನ ಪಿನ್ನಿನಲ್ಲಿ. ಅಚ್ಚುಕಟ್ಟಾಗಿ, ನಾನು ಬಿಗಿಸಿದ್ದಕ್ಕಿಂತ ಚೆನ್ನಾಗಿ ಬಿಗಿಸಿದ್ದವು.

೬ ಪರ್ಯಾಯ ಮುಕ್ತಾಯಗಳು

ಅ) ನಾನು ಎದ್ದು ನಿಂತು ಹೇಳುತ್ತೇನೆ: ನಿಮ್ಮ ಮಾವನವರನ್ನು ಕೇಳಿ ಸಾರ್. ಎಲ್ಲರೂ ತಿರುಗುತ್ತಾರೆ. ನನಗೆ ಕೆಲಸ ಸಿಗುತ್ತದೆ. (ಎರಡನೇ ಕರಡು. ಅಷ್ಟು ಸಿಟ್ಟಿನಲ್ಲಿ ಬರೆದೆ ಎಂದರೆ ಒಂದು ಕಾಗುಣಿತವೂ ತಪ್ಪಲಿಲ್ಲ. ಹರಿದೆ.)

ಆ) ಈಶ್ವರಪ್ಪನವರೇ ಮುಂದೆ ಬಂದು "ತಪ್ಪು ನಂದು" ಎನ್ನುತ್ತಾರೆ. ಮಾಲವಿಕಾಗೆ ಇದು ಇಷ್ಟ, ಕ್ಲೋಶರ್ ಇದೆಯಂತೆ. ಬರೆಯಲು ಕೂತರೆ ಮುದುಕ ಒಪ್ಪಲಿಲ್ಲ. "ನಾನು ಆವತ್ತು ಹಂಗನ್ನಲಿಲ್ಲ ಕಣಪ್ಪಯ್ಯ, ಸುಳ್ಳು ಬರೀಬ್ಯಾಡ" ಎಂದರು. ಹಾಗಾದರೆ ಏನನ್ನುತ್ತೀರಿ ಎಂದು ಕೇಳಿದೆ. "ಅಳಿಯನ ಮನೇಲಿ ಇನ್ನೂ ನಾಲ್ಕು ತಿಂಗಳು ಇರಬೇಕು" ಎಂದರು. ನಾನೂ ಜಗಳವಾಡಿದೆ: ನನ್ನ ಸೋಮವಾರ ಹೋಗುತ್ತದಲ್ಲ ಅಂಕಲ್? ಪಾತ್ರ ಟಾರ್ಚ್ ಆರಿಸಿ ಒಳಗೆ ಹೋಯಿತು. ನಾನೇ ಬರೆದ ಪಾತ್ರ, ನೋಡಿ.

ಇ) ಅಡಿಲೇಡಿನಿಂದ ಫೋಟೋ ಬರುತ್ತದೆ, ಕೆಳಗೆ ಕ್ಷಮೆ. (ಬರಲಿಲ್ಲ. ಸೇರಿಸುವುದಿಲ್ಲ.)

ಒಂದು ವಿಷಯ ಮಾತ್ರ ಯಾವ ಕರಡಿನಲ್ಲೂ ಬದಲಾಗದು. ಅರ್ತಿನಲ್ಲಿ ಹಸಿರು ಕಾಣದೆ, ನಾನು ತಪ್ಪು ಮಾಡಿದೆನೆಂದೇ ಈಶ್ವರಪ್ಪ ತಿಳಿದದ್ದು. ಅಳಿಯನಿಗೆ ಹೇಳಿ ನನ್ನನ್ನು ಬೈಸಬಹುದಿತ್ತು. ಹೇಳದೆ, ನಾನು ಹೋದ ಮೇಲೆ ಒಬ್ಬರೇ ಕೂತು ಸರಿ ಮಾಡಿಟ್ಟರು. ನಾನು ಹಾಗೆಂದು ನಂಬಿದ್ದೇನೆ. ಅವರನ್ನು ಕೇಳಿಲ್ಲ.

೭

ಮಾಲವಿಕಾ ನಿನ್ನೆ ಮತ್ತೆ ಕೇಳಿದಳು: ಸೋಮವಾರ ಏನಾಯ್ತು, ಅಷ್ಟಾದ್ರೂ ಹೇಳೋ, ಓದೋರು ಒದ್ದಾಡ್ತಾರೆ. ಒದ್ದಾಡಲಿ. ಸೋಮವಾರ ಈ ಕಥೆಯಲ್ಲಿಲ್ಲ. ಇರುವುದು ಶನಿವಾರ, ಹತ್ತೂ ಕಾಲು.

ಬಿಳಿಯನ್ನು ಅರ್ತಿಗೆ, ಹಸಿರನ್ನು ಅದರ ಜಾಗಕ್ಕೆ ತಂದೆ. ಹೋದ ಫ್ಯೂಸ್ ಬದಲಿಸಿದೆ. ಪ್ಲಗ್ ಚುಚ್ಚಿದೆ. ಎಡ, ಬಲ, ಬ್ರೇಕು, ಎಲ್ಲ ಉರಿಯಿತು. ಯಾರೋ ಚಪ್ಪಾಳೆ ತಟ್ಟಲು ಹೋಗಿ ನಿಲ್ಲಿಸಿದರು. ಉದಯಶಂಕರ್ ಗಡಿಯಾರ ನೋಡಿಕೊಂಡರು.

ರಾಜಗೋಪಾಲ ತಟ್ಟೆಯನ್ನು ಬಾನೆಟ್ ಮೇಲಿಟ್ಟು ನನ್ನ ಪಕ್ಕ ಕುಕ್ಕರಗಾಲಲ್ಲಿ ಕೂತರು. ಅವರ ದನಿಯಲ್ಲಿ ಬೈಗುಳ ಇರಲಿಲ್ಲ. ನಿಜವಾಗಿ ತಿಳಿಯಬೇಕೆಂದು ಕೇಳಿದರು.

"ಹಸಿರನ್ನ ಅರ್ತ್‌ಗೆ ಕೊಟ್ಬಿಟ್ಟಿದ್ಯಾ? ನೀನೇನಾ?"

ಅವರ ಭುಜದ ಆಚೆ ಈಶ್ವರಪ್ಪ ನಿಂತಿದ್ದರು, ಕೈಯಲ್ಲಿ ಏಳನೇ ನಿಂಬೆಹಣ್ಣು. ನನ್ನ ಮುಖ ನೋಡುತ್ತಿರಲಿಲ್ಲ. ನನ್ನ ಬೆರಳ ನಡುವಿನ ಬಿಳಿ ವೈರನ್ನು ನೋಡುತ್ತಿದ್ದರು, ತಮಗೆ ಓದಲು ಬಾರದ ಭಾಷೆಯ ಬೋರ್ಡು ನೋಡುವ ಹಾಗೆ. ತಪ್ಪು ಯಾರದೆಂದು ತಿಳಿಯಿತೋ, ತಿಳಿಯುತ್ತಿತ್ತೋ.

ನಾನು ಕೇಬಲ್ಲಿನ ಕುತ್ತಿಗೆಗೆ ಟೇಪ್ ಸುತ್ತಿದೆ. ತುದಿಯನ್ನು ಹಿಂದಕ್ಕೆ ಒಂದು ಚೂರು ಮಡಚಿದೆ. ಸ್ಕ್ರೂಡ್ರೈವರನ್ನು ಜೇಬಿಗೆ ಹಾಕಿಕೊಂಡು ಎದ್ದು, ಬಸ್‌ಸ್ಟಾಪಿನ ಕಡೆ ನಡೆದೆ.