ಸ್ಯಾಂಟೊರಿನಿಯ ಬೇಳೆ

ಮಲ್ಲೇಶ್ವರದ ಆ ಮನೆಯ ಮಹಡಿ ಕೋಣೆಯಲ್ಲಿ ಬಾಡಿಗೆಗಿದ್ದ ಇರಿನಿ ಗ್ರೀಸ್ ದೇಶದ ಸ್ಯಾಂಟೊರಿನಿ ದ್ವೀಪದವಳು. ವೀಣೆ ಕಲಿಯಲು ಬಂದವಳು. ಊರಿನಲ್ಲಿ ಅಜ್ಜಿ ತೀರಿಕೊಂಡ ಸುದ್ದಿ ಬಂದಾಗ, ಎಷ್ಟು ಬೇಗ ಹೊರಟರೂ ಮಣ್ಣು ಮಾಡುವ ಹೊತ್ತಿಗೆ ತಲುಪುವಂತಿರಲಿಲ್ಲ. ಅಂದಿನಿಂದ ಹುಡುಗಿ ಕಾಫಿ ಬಿಟ್ಟು ಬೇರೇನನ್ನೂ ಮುಟ್ಟಲಿಲ್ಲ. ಮನೆಯೊಡತಿ ಚೂಡಾಮಣಿ ತಿಳಿಸಾರನ್ನ ಕಲಸಿ ಕೊಟ್ಟರೂ ತಟ್ಟೆ ಹಾಗೆಯೇ ಕೆಳಗಿಳಿದು ಬರುತ್ತಿತ್ತು.

ಭಾನುವಾರ ಬೆಳಿಗ್ಗೆ ಇರಿನಿ ತಾನೇ ಇಳಿದು ಬಂದಳು. ಕೈಯಲ್ಲಿ ಹಳದಿ ಬೇಳೆಯ ಪೊಟ್ಟಣ, ಉಪ್ಪಿನಲ್ಲಿಟ್ಟ ಹಸಿರು ಮೊಗ್ಗುಗಳ ಬಾಟಲಿ.

"ಆಂಟಿ, ಇದು ಫಾವಾ. ಅಜ್ಜಿ ಹೊಲದ್ದು. ನಿಮ್ಮ ಅಡಿಗೆಮನೇಲಿ ಮಾಡ್ಲಾ? ಮೇಲೆ ಸ್ಟೌವ್ ಇಲ್ಲ."

ಚೂಡಾಮಣಿ ಅತ್ತೆ ಕೂತಿದ್ದ ಕಡೆ ನೋಡಿದರು. ಅಡಿಗೆಮನೆ ಇಂದಿಗೂ ಅತ್ತೆ ಜಾನಕಮ್ಮನವರದು. ಅಲ್ಲಿ ಸೂತಕದವರು ಒಲೆ ಮುಟ್ಟುವಂತಿಲ್ಲ, ಈರುಳ್ಳಿ ಹೊಸ್ತಿಲು ದಾಟುವಂತಿಲ್ಲ. ಹೆಡ್‌ಮಿಸ್ಟ್ರೆಸ್ ಆಗಿ ನಿವೃತ್ತರಾದ ಚೂಡಾಮಣಿಯೂ ಅತ್ತೆಗೆ ಎದುರಾಡಿದವರಲ್ಲ.

ಹುರುಳೀಕಾಯಿ ನಾರು ತೆಗೆಯುತ್ತ ಕೂತಿದ್ದ ಜಾನಕಮ್ಮ ಎಲ್ಲವನ್ನೂ ಕೇಳಿಸಿಕೊಂಡಿದ್ದರು.

"ಬಾ ಇಂದ್ರಾಣಿ," ಎಂದರು. ಇರಿನಿ ಎನ್ನುವ ಹೆಸರಿಗೆ ಅವರ ನಾಲಗೆ ಹೊರಳಿದ್ದೇ ಇಲ್ಲ. "ಹೊಟ್ಟೆಗಿಲ್ದೆ ಇರೋ ಮಗೂಗೆ ಎಂಥ ಸೂತಕ. ಏನೇನು ಬೇಕು ಹೇಳು."

"ನಿಂಬೆಹಣ್ಣು. ಆಲಿವ್ ಎಣ್ಣೆ ನನ್ಹತ್ರ ಇದೆ. ಆಮೇಲೆ ಈರುಳ್ಳಿ…" ಹುಡುಗಿ ತಡೆದಳು. "ಬೇಡ, ಅದಿಲ್ದೆ ಮಾಡ್ತೀನಿ."

"ನಿಮ್ಮಜ್ಜಿ ಅದಿಲ್ದೆ ಮಾಡ್ತಿದ್ರಾ?"

"ಇಲ್ಲ. ಬೈತಿದ್ರು."

ಜಾನಕಮ್ಮ ಕೈಯಲ್ಲಿದ್ದ ಹುರುಳೀಕಾಯಿ ಕೆಳಗಿಟ್ಟರು. "ಹಾಗಾದ್ರೆ ಹಾಕು. ಇವತ್ತು ಅವರ ಅಡಿಗೆ, ಅವರ ಮಾತೇ ನಡೀಲಿ. ಚೂಡಾ, ಹೋಗಿ ತಂದ್ಬಿಡು."

ತರಕಾರಿ ಗಾಡಿಯ ಮುನಿಸ್ವಾಮಿ ಈರುಳ್ಳಿ ತೂಗುತ್ತ, "ನಿಮ್ಮನೇಗಾ ಅಮ್ಮಾ?" ಎಂದು ಮತ್ತೆ ಮತ್ತೆ ಕೇಳಿದ. "ಹೂಂ, ನಮ್ಮನೇಗೇ," ಎನ್ನುವಾಗ ಚೂಡಾಮಣಿಗೆ ನಗು ಬಂತು.

ಈರುಳ್ಳಿಯ ಜೊತೆ ಬೆಂದ ಬೇಳೆ ಕರಗಿ ತೊವ್ವೆಯಂತಾಯಿತು. ಇರಿನಿ ಅದನ್ನು ಮಸೆಯುತ್ತ ಊರಿನ ಮಾತು ತೆಗೆದಳು. ನೀರು ಹಾಯಿಸದೆಯೇ ಬೆಳೆಯುವ ಪುಟ್ಟ ಟೊಮೇಟೊ, ಗಾಳಿಯ ಹೊಡೆತಕ್ಕೆ ಸಿಗದಂತೆ ನೆಲದ ಮೇಲೆ ಬುಟ್ಟಿಯ ಹಾಗೆ ಸುತ್ತಿದ ದ್ರಾಕ್ಷಿ ಬಳ್ಳಿ. ಅಜ್ಜಿ ಒಮ್ಮೆ, ಕಲ್ಲುಗೋಡೆಯ ಸಂದಿಯಲ್ಲಿ ಬೆಳೆಯುವ ಈ ಮೊಗ್ಗು ಬಿಡಿಸಲು ಗೋಡೆ ಹತ್ತಿ, ಇಳಿಯಲಾಗದೆ, ಊರಿಗೆಲ್ಲ ಕೇಳುವಂತೆ ಮೊಮ್ಮಗಳನ್ನು ಕೂಗಿದ್ದರಂತೆ. ಅದನ್ನು ಹೇಳುತ್ತ ನಕ್ಕಳು, ನಗುತ್ತಲೇ ಅತ್ತಳು. ಚೂಡಾಮಣಿ ಉರಿ ಸಣ್ಣ ಮಾಡಿ ಅವಳ ಬೆನ್ನು ಸವರಿದರು.

ಎಣ್ಣೆ ಸುರಿದು, ನಿಂಬೆ ಹಿಂಡಿ, ಮೇಲೆ ಹಸಿ ಈರುಳ್ಳಿ ಮತ್ತು ಮೊಗ್ಗು ಉದುರಿಸಿದ್ದಾಯಿತು.

"ಮೊದಲು ನಿಮ್ಮಜ್ಜಿಗೊಂದು ಎಲೆ ಹಾಕು," ಎಂದರು ಜಾನಕಮ್ಮ.

ಇರಿನಿಯ ಊರಿನಲ್ಲಿ ಆ ಪದ್ಧತಿ ಇರಲಿಲ್ಲ. ಆದರೂ ಎಲೆ ಹಾಕಿ ಬಡಿಸಿದಳು. ಆಮೇಲೆ ಕೂತು ತಟ್ಟೆ ಖಾಲಿ ಮಾಡಿದಳು. ಚೂಡಾಮಣಿಯೂ ಅನ್ನಕ್ಕೆ ಕಲಸಿಕೊಂಡು ತಿಂದು, ಮತ್ತೊಮ್ಮೆ ಬಡಿಸಿಕೊಂಡರು.

ಜಾನಕಮ್ಮ ಮಾತ್ರ ಈರುಳ್ಳಿ ಬಿದ್ದದ್ದನ್ನು ಮುಟ್ಟಲಿಲ್ಲ. ಪೊಟ್ಟಣದಲ್ಲಿ ಉಳಿದ ಬೇಳೆಯನ್ನು ಅಂಗೈಗೆ ಸುರಿದುಕೊಂಡು ನೋಡಿದರು.

"ಇದು ನನಗಿರ್ಲಿ. ನಾಳೆ ಇಂಗು ಹಾಕಿ ತೊವ್ವೆ ಮಾಡ್ತೀನಿ. ಊಟಕ್ಕೆ ಇಳಿದು ಬಾ."

"ಬರ್ತೀನಿ ಅಜ್ಜಿ," ಎಂದಳು ಇರಿನಿ.