ಕರುವಿನ ಮೂತಿಯ ಮುಳ್ಳು

"ಅಕ್ಕ, ಹನ್ನೊಂದು ಗಂಟೆಗೆ ಟೋಕನ್ ಐತೆ. ಏಳು, ಏಳು," ಎಂದು ಷಣ್ಮುಖಪ್ಪ ಮೂರನೇ ಸಲ ಕೂಗಿದ.

ಶಿವಗಂಗಮ್ಮ ಏಳಲಿಲ್ಲ. ಆಧಾರ್ ಕಾರ್ಡು, ಎರಡು ಫೋಟೊ ಇದ್ದ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕಣದ ಕಟ್ಟೆಯ ಮೇಲೆ ಕೂತೇ ಇದ್ದಳು. ತೀರಿಹೋದ ಅವ್ವನ ಹೆಸರಿನಲ್ಲಿದ್ದ ಮೂರು ಎಕರೆ ಅಡಿಕೆ ತೋಟದಲ್ಲಿ ತನಗೇನೂ ಬೇಡವೆಂದು ಚನ್ನಗಿರಿಯ ನೋಂದಣಿ ಕಚೇರಿಯಲ್ಲಿ ಸಹಿ ಹಾಕಲು ಹಿಂದಿನ ದಿನವೇ ಹೊನ್ನಾಳಿಯಿಂದ ಬಂದಿದ್ದಳು. ಅವಳನ್ನು ಒಪ್ಪಿಸಲು ಹೋದಾಗ ತಮ್ಮ ಷಣ್ಮುಖಪ್ಪ ಒಂದು ಸೀರೆ, ಒಂದು ಡಜನ್ ಬಾಳೆಹಣ್ಣು, ಒಂದು ಮಾತು ಕೊಟ್ಟಿದ್ದ: "ತೋಟ ಯಾರ ಹೆಸರಿಗಾದ್ರೂ ಇರ್ಲಿ, ತವರು ನಿಂದೇ."

ಹೊರಡುವ ಹೊತ್ತಿಗೆ ಸರಿಯಾಗಿ ಆಟೊದಲ್ಲಿ ಯೂಸ್ನಿದಾರ್ ಬಂದಿಳಿದಳು. ಇಂಡೋನೇಷ್ಯಾದ ಸುಮಾತ್ರಾದವಳು. ಅಲ್ಲೂ ಅಡಿಕೆ ಬೆಳೆಯುತ್ತಾರೆ. ಸುಲಿಯುವ ಯಂತ್ರ ಕೊಳ್ಳಲು ಚನ್ನಗಿರಿಗೆ ಬಂದವಳನ್ನು ಅಂಗಡಿಯವರು, ಓಡುವ ಯಂತ್ರ ನೋಡಿಕೊಂಡು ಬನ್ನಿ ಎಂದು ನಲ್ಲೂರಿನ ಈ ತೋಟಕ್ಕೆ ಕಳಿಸಿದ್ದರು. ತಲೆಗೆ ಹಳದಿ ಸ್ಕಾರ್ಫ್, ಕಾಲಿಗೆ ರಬ್ಬರ್ ಬೂಟು. ಷಣ್ಮುಖಪ್ಪನ ಮಗಳು ಕಲ್ಪನಾ ಹೈಸ್ಕೂಲಿನಲ್ಲಿ ಇಂಗ್ಲಿಷ್ ಟೀಚರ್ ಆದ್ದರಿಂದ ಅರ್ಧ ದಿನ ರಜೆ ಹಾಕಿ, ಅವಳ ಇಂಗ್ಲಿಷನ್ನು ಕನ್ನಡಕ್ಕೆ, ಇವರ ಕನ್ನಡವನ್ನು ಇಂಗ್ಲಿಷಿಗೆ ತಿರುಗಿಸಲು ನಿಂತಿದ್ದಳು.

ಬಂದವಳು ಎದುರು ಹೋಗಿ ನಿಂತ ಷಣ್ಮುಖಪ್ಪನನ್ನು ದಾಟಿ ಸೀದಾ ಕಟ್ಟೆಯ ಹತ್ತಿರ ಬಂದು, ಶಿವಗಂಗಮ್ಮನ ಕೈಯನ್ನು ಹಣೆಗೊತ್ತಿಕೊಂಡು, ಒಂದು ಬಿಸ್ಕತ್ತಿನ ಡಬ್ಬ ಕೊಟ್ಟು ಏನೋ ಕೇಳಿದಳು.

"ತೋಟದೊಳಗೆ ಹೋಗಾಕೆ ನಿನ್ನ ಅಪ್ಪಣೆ ಬೇಕಂತೆ ಅತ್ತೆ," ಎಂದು ಕಲ್ಪನಾ ನಕ್ಕಳು.

"ನನ್ನದ್ಯಾಕೆ? ಯಜಮಾನ ಅಲ್ಲಿ ನಿಂತವ್ನೆ ನೋಡು."

ಕಲ್ಪನಾ ಹೇಳಿದಳು. ಯೂಸ್ನಿದಾರ್ ಇಬ್ಬರನ್ನೂ ನೋಡಿ ಹುಬ್ಬೇರಿಸಿದಳು. ಅವರ ಮಿನಾಂಗ್‌ಕಬಾವ್ ಜನರಲ್ಲಿ ಹಿರಿಯರ ಮನೆ, ಗದ್ದೆ ಎಲ್ಲ ತಾಯಿಯಿಂದ ಮಗಳಿಗೆ ಬರುತ್ತದಂತೆ. ಮದುವೆಯಾದ ಗಂಡಸು ಹೆಂಡತಿಯ ಮನೆಗೆ ಹೋಗುತ್ತಾನಂತೆ.

"ಹಂಗಾದ್ರೆ ಗಂಡಸ್ರು ಅಲ್ಲಿ ಕತ್ತೆ ಕಾಯ್ತಾರಾ?" ಎಂದ ಷಣ್ಮುಖಪ್ಪ.

ಕಲ್ಪನಾ ಒಂದಕ್ಷರ ಬಿಡದೆ ತಿರುಗಿಸಿದಳು. ಯೂಸ್ನಿದಾರ್ ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಇಲ್ವಂತೆ ಅಪ್ಪಾಜಿ. ಅಕ್ಕತಂಗಿಯರ ಹೊಲ ಕಾಯ್ತಾರಂತೆ. ಸೋದರಮಾವ ಅಂದ್ರೆ ಅಲ್ಲಿ ಭಾರೀ ಮರ್ಯಾದೆಯಂತೆ. ಮಾರಾಕೆ ಮಾತ್ರ ಅಧಿಕಾರ ಇಲ್ವಂತೆ."

"ಕಾಯಾಕೆ ನಾನೇನು ವಾಚ್‌ಮನ್ನಾ?" ಎಂದು ಗೊಣಗುತ್ತಾ ಅವನು ಕಾರಿನ ಕಡೆ ನಡೆದ.

ಯಂತ್ರ ಓಡಿಸಿ ತೋರಿಸಿದ್ದಾಯಿತು. ಹಿಂದಿರುಗುವಾಗ ಯೂಸ್ನಿದಾರ್ ಕೊಟ್ಟಿಗೆಯ ಮುಂದೆ ಗಕ್ಕನೆ ನಿಂತಳು. ಅಲ್ಲಿ ಎಮ್ಮೆ ಕರುವಿಗೆ ಹಾಲು ಬಿಡಿಸಲು ಮೂತಿಗೆ ಮೊಳೆ ಹೊಡೆದ ಪಟ್ಟಿ ಕಟ್ಟಿದ್ದರು. ಕುಡಿಯಲು ಹೋದರೆ ಚುಚ್ಚಿಸಿಕೊಂಡು ತಾಯಿಯೇ ಒದೆಯುತ್ತದೆ. ಅವಳು ಸಗಣಿಯನ್ನೂ ಲೆಕ್ಕಿಸದೆ ಕುಕ್ಕರಗಾಲಲ್ಲಿ ಕೂತು, ಕರುವಿನ ಕಿವಿ ಸವರುತ್ತಾ ಒಂದೇ ಸಮನೆ ಮಾತಾಡತೊಡಗಿದಳು.

"ಅವರ ಜನದ ಹೆಸರು ಇದರಿಂದಾನೇ ಬಂತಂತೆ ಅತ್ತೆ," ಎಂದಳು ಕಲ್ಪನಾ. "ಹಿಂದೆ ಒಂದು ದೊಡ್ಡ ಸೈನ್ಯ ದಂಡೆತ್ತಿ ಬಂತಂತೆ. ಜನ ಸಾಯೋದು ಬ್ಯಾಡ, ಎಮ್ಮೆ ಕಾಳಗ ಆಡಿಸಾಣ ಅಂದ್ರಂತೆ. ಅವರು ಆನೆಯಂಥ ಕೋಣ ತಂದ್ರಂತೆ. ಇವರು ಹಸಿದ ಕರು ತಂದು ಮೂತಿಗೆ ಚೂಪು ಕಬ್ಬಿಣ ಕಟ್ಟಿ ಬಿಟ್ರಂತೆ. ಅದು ತಾಯಿ ಅಂದ್ಕೊಂಡು ಓಡಿಹೋಗಿ ಹೊಟ್ಟೆಗೆ ಮೂತಿ ಹಾಕ್ತಂತೆ. ಕೋಣ ಹೊಟ್ಟೆ ಹರಿದು ಬಿತ್ತಂತೆ. ಗೆದ್ದ ಎಮ್ಮೆ ಅಂತಾನೇ ಅವರ ಹೆಸರಿನ ಅರ್ಥವಂತೆ."

"ಪಾಪ," ಎಂದಳು ಶಿವಗಂಗಮ್ಮ. "ಕರು ಜಗಳ ಆಡಾಕೆ ಹೋಗಿದ್ದಲ್ಲ. ಹಾಲು ಕುಡಿಯಾಕೆ ಹೋಗಿದ್ದು."

ಯೂಸ್ನಿದಾರ್ ಎದ್ದು, ಇದು ನಿಮ್ಮ ಮನೆಯಲ್ಲವೇ ಎಂದು ಕಲ್ಪನಾಳಿಂದ ಕೇಳಿಸಿದಳು.

"ತವರು ಅನ್ನು," ಎಂದಳು ಶಿವಗಂಗಮ್ಮ.

"ತ-ವ-ರು," ಎಂದು ಯೂಸ್ನಿದಾರ್ ಅನುಕರಿಸಿದಳು. "ಹಾಗಂದ್ರೇನು ಅಂತ ಕೇಳ್ತಾರೆ ಅತ್ತೆ," ಎಂದಳು ಕಲ್ಪನಾ. "ತಾಯಿಯ ಮನೆ ಅಂತ ಹೇಳ್ದೆ."

ಯೂಸ್ನಿದಾರಳ ಮುಖ ಬೆಳಗಿತು. ತನಗೆ ಮೊದಲೇ ಗೊತ್ತಿತ್ತು ಎಂಬಂತೆ ಶಿವಗಂಗಮ್ಮನ ಕಡೆ ಬೆರಳು ತೋರಿಸಿ, ತಲೆಯಾಡಿಸಿ ಏನೋ ಅಂದಳು. ಕಲ್ಪನಾ ಅದನ್ನು ತಿರುಗಿಸಲಿಲ್ಲ. ತಿರುಗಿಸುವ ಅಗತ್ಯವೂ ಇರಲಿಲ್ಲ.

ಅವಳನ್ನು ಕರೆತಂದಿದ್ದ ಆಟೊ ಹೋದ ಮೇಲೆ ಷಣ್ಮುಖಪ್ಪ ಫೋನು ಹಿಡಿದುಕೊಂಡೇ ಬಂದ. "ಪತ್ರ ಬರೆಯೋ ಬೈಲಪ್ಪ ನಾಕು ಸಲ ಫೋನ್ ಮಾಡ್ದ. ಬರ್ತೀಯೋ ಇಲ್ಲೋ?"

"ಬರ್ತೀನಿ. ತವರು ಯಾರ್ದು ಅಂದೆ ನೀನು?"

"ನಿಂದೇ ಅಂದ್ನಲ್ಲಕ್ಕ!"

"ಹಂಗಂತಾನೇ ಬರೆಯಾಕೆ ಹೇಳು ಬೈಲಪ್ಪಗೆ. ಅರ್ಧ ನಂದು, ಅರ್ಧ ನಿಂದು. ಈಗಲೇ ಸೈನ್ ಹಾಕ್ತೀನಿ."

"ಯಾವಳೋ ದಾರೀಲಿ ಹೋಗೋಳ ಮಾತು ಕೇಳಿ ನನ್ನ ಮೇಲೆ ಜಗಳಕ್ಕೆ ಬರ್ತೀಯಾ?"

"ಜಗಳಕ್ಕಲ್ಲ ಕಣೋ," ಎಂದಳು ಅವಳು. ದನಿ ಏರಲಿಲ್ಲ. "ನೀನೇ ಕೊಟ್ಟ ಮಾತು. ಸೀರೆ ಬೇಕಾದ್ರೆ ವಾಪಸ್ ತಗೋ, ಮಾತು ಮಾತ್ರ ವಾಪಸ್ ಕೊಡಲ್ಲ."

ಷಣ್ಮುಖಪ್ಪ ಮಗಳನ್ನು ನೋಡಿದ. ಕಲ್ಪನಾ ಅತ್ತೆಯ ಪಕ್ಕದಿಂದ ಅಲುಗಲಿಲ್ಲ. ಅವನು ಹೋಗಿ ಕಾರಿನ ಬಾಗಿಲು ದಡಾರನೆ ಹಾಕಿಕೊಂಡು ಎಂಜಿನ್ ಚಾಲು ಮಾಡಿದ. ಕಾರು ಹೊರಡಲಿಲ್ಲ. ನಿಂತಲ್ಲೇ ಗುರುಗುಟ್ಟುತ್ತಿತ್ತು.

ಶಿವಗಂಗಮ್ಮ ಚೀಲವನ್ನು ಕಲ್ಪನಾಳ ಕೈಗೆ ಕೊಟ್ಟು ಕೊಟ್ಟಿಗೆಗೆ ಹೋದಳು. ಕರುವಿನ ಮೂತಿಯ ಪಟ್ಟಿಯ ಗಂಟು ಬಿಗಿಯಾಗಿತ್ತು. ಹಲ್ಲಿನಿಂದ ಕಚ್ಚಿ ಬಿಡಿಸಿದಳು. ಮೊಳೆ ತಾಗಿ ಹೆಬ್ಬೆರಳಲ್ಲಿ ಒಂದು ಹನಿ ರಕ್ತ ಬಂತು, ಸೆರಗಿಗೆ ಒರೆಸಿಕೊಂಡಳು. ಕರು ಒಂದು ಕ್ಷಣ ನಂಬದೆ ನಿಂತಿತ್ತು. ಆಮೇಲೆ ನುಗ್ಗಿತು. ಎಮ್ಮೆ ಒದೆಯಲಿಲ್ಲ, ಹಿಂಗಾಲು ಸ್ವಲ್ಪ ಅಗಲಿಸಿ ನಿಂತಿತು.

ಹೊರಗೆ ಎಂಜಿನ್ ಸದ್ದು ನಿಂತಿತು. ಕರು ಚೀಪುವ ಸದ್ದು ಕಣದವರೆಗೂ ಕೇಳುತ್ತಿತ್ತು.